ಉರಿಯುವ ಮನೆಯ ಗಳ

ಇಲ್ಲಿ ಏನೂ ಬರೆಯದೆ ನಾಲ್ಕು ತಿಂಗಳ ಮೇಲಾಯ್ತು. ಯಾರಾದ್ರೂ ಕಾಯ್ತಾ ಇದ್ರಾ ಅಂತ ಕೇಳೋ ಧೈರ್ಯ ನನಗಿಲ್ಲ :) ಊರಿಂದ ಅಪ್ಪಯ್ಯ, ಅಮ್ಮ ಬಂದಿದ್ದರು. ಅಮ್ಮ ಬಂದ ವಾರದಲ್ಲೇ ಪಕ್ಕದ ಮನೆಯ ಗುಜರಾತಿ ಅಜ್ಜಿಯ ಜೊತೆ ಯಾವ ಭಾಷೆಯಲ್ಲೋ ಏನೋ ಗಂಟೆಗಟ್ಟಲೆ ಮಾತಾಡೋಕೆ ಶುರು ಮಾಡಿದಳು. ಅಪ್ಪಯ್ಯ ಮಾತ್ರ ಕಿಟಕಿ ಹತ್ತಿರ ಕೂತು ಎದುರುಗಡೆ ಮನೆಯವನು ಹುಲ್ಲು ಕತ್ತರಿಸೋದು ನೋಡ್ತಿದ್ದರು. ದಿನಕ್ಕೊಂದು ಸಲ "ಇಷ್ಟು ಹುಲ್ಲು, ಒಂದು ದನ ಇಲ್ಲ" ಅಂತಿದ್ದರು.

ನನಗೂ ಅಪ್ಪಯ್ಯನಿಗೂ ಮೊದಲಿಂದ ಮಾತು ಕಮ್ಮಿ. 2004ರ ಮೇಲೆ ಇನ್ನೂ ಕಮ್ಮಿ. ಅದ್ಯಾಕೆ ಅಂತ ಮುಂದೆ ಹೇಳ್ತೀನಿ. ಒಟ್ಟಿನಲ್ಲಿ ಒಂದು ಶನಿವಾರ ಅವರನ್ನ ಎಲ್ಲಾದರೂ ಕರೆದುಕೊಂಡು ಹೋಗಬೇಕಿತ್ತು, ಬಾಸ್ಟನ್ನಿನಿಂದ ಹತ್ತಿರ ಅಂತ ಸೇಲಂಗೆ ಹೊರಟೆವು. ಅಮ್ಮ "ಸೇಲಮ್ಮಾ? ಮಾವಿನಹಣ್ಣಿನ ಸೇಲಮ್ಮಾ?" ಅಂದಳು. ಅಲ್ಲ, ಇದು ಮಾಟಗಾತಿಯರ ಸೇಲಂ, 1692ರಲ್ಲಿ ಮಾಟ ಮಾಡಿದರು ಅಂತ ಹತ್ತೊಂಬತ್ತು ಜನರನ್ನ ಗಲ್ಲಿಗೆ ಹಾಕಿದ ಊರು ಅಂದೆ. ಅಪ್ಪಯ್ಯ "ನಮ್ಮೂರಲ್ಲಿಲ್ಲದ ಮಾಟವಾ, ಅದನ್ನ ನೋಡೋಕೆ ಇಲ್ಲಿಗೆ ಬರಬೇಕಾ" ಅಂದುಬಿಟ್ಟರು. ನನಗೂ ಮಾಟದ ಅಂಗಡಿಗಳು ಇಷ್ಟ ಇಲ್ಲ. ಅಮ್ಮನನ್ನೂ ಮಗಳನ್ನೂ ಐಸ್‌ಕ್ರೀಮ್ ಅಂಗಡಿಯ ಹತ್ತಿರ ಬಿಟ್ಟು ನಾವಿಬ್ಬರೂ ಸಮುದ್ರದ ಕಡೆ ನಡೆದೆವು.

ಅಲ್ಲಿ ಡರ್ಬಿ ವಾರ್ಫ್ ಅಂತ ಒಂದು ಧಕ್ಕೆ ಇದೆ. ಸಮುದ್ರದೊಳಗೆ ಸುಮಾರು ಅರ್ಧ ಮೈಲಿ ಚಾಚಿಕೊಂಡಿದೆ, ತುದಿಯಲ್ಲೊಂದು ಪುಟ್ಟ ದೀಪಸ್ತಂಭ. ಒಂದು ಕಾಲದಲ್ಲಿ ಇದರ ಉದ್ದಕ್ಕೂ ಉಗ್ರಾಣಗಳು. ಈಗ ಹುಲ್ಲು, ಕಲ್ಲು, ಸೀಗಲ್ ಹಕ್ಕಿಗಳು. ಎದುರಿಗೆ 1819ರಲ್ಲಿ ಕಟ್ಟಿದ ಕಸ್ಟಮ್ ಹೌಸ್, ನಮ್ಮ ಭಾಷೆಯಲ್ಲಿ ಹೇಳೋದಾದರೆ ಸುಂಕದ ಕಟ್ಟೆ. ಅದರ ಹಿಂದೆ ಮಾಲು ತೂಗುವ ದೊಡ್ಡ ದೊಡ್ಡ ತಕ್ಕಡಿಗಳನ್ನಿಟ್ಟ ಒಂದು ಕೋಣೆ. ಅಪ್ಪಯ್ಯ ಅಮೆರಿಕಕ್ಕೆ ಬಂದು ಮೊದಲ ಸಲ ಒಂದು ವಸ್ತುವಿನ ಹತ್ತಿರ ಹೋಗಿ ನಿಂತರು. "ಇದರಲ್ಲಿ ಎಂಥ ತೂಗ್ತಿದ್ದರು?"

"ಮೆಣಸು" ಅಂದೆ.

ಕಾಳುಮೆಣಸು ಅಂದ ಕೂಡಲೇ ಅಪ್ಪಯ್ಯನ ಮುಖ ಬದಲಾಯಿತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಮೆಣಸು ಅಂದರೆ ನೆಂಟರ ಹೆಸರು ಹೇಳಿದ ಹಾಗೆ. "ನಮ್ಮ ಕಡೆಯದಾ?"

ಅಲ್ಲ, ಸುಮಾತ್ರಾದ್ದು. ಜೊನಾಥನ್ ಕಾರ್ನ್ಸ್ ಅಂತ ಒಬ್ಬ ಕ್ಯಾಪ್ಟನ್ ಇದೇ ಊರಿಂದ 1795ರಲ್ಲಿ 'ರಾಜಾ' ಅನ್ನೋ ಸಣ್ಣ ಹಡಗಿನಲ್ಲಿ ಯಾರಿಗೂ ಹೇಳದೆ ಹೊರಟ. 1797ರಲ್ಲಿ ಹಡಗಿನ ತುಂಬ ಮೆಣಸು ತುಂಬಿಕೊಂಡು ವಾಪಸ್ ಬಂದ. ಹಾಕಿದ ದುಡ್ಡಿನ ಮೇಲೆ ಶೇಕಡಾ 700 ಲಾಭ ಅಂತಾರೆ. ಎಲ್ಲಿಂದ ತಂದೆ ಅಂತ ಬಾಯಿ ಬಿಡಲಿಲ್ಲ. ಊರಿನ ಹಡಗಿನವರೆಲ್ಲ ಅವನ ಹಿಂದೆ ಬಿದ್ದರಂತೆ. ಅಪ್ಪಯ್ಯ ನಕ್ಕರು. "ಗುಟ್ಟು ಎಷ್ಟು ದಿನ ಇದ್ದೀತು!"

ಅಷ್ಟಾದ ಮೇಲೆ ನನಗೆ ಉತ್ಸಾಹ ಬಂದುಬಿಟ್ಟಿತು. ಸೇಲಂ ಹತ್ತಿರ ಇಷ್ಟು ವರ್ಷ ಇದ್ದು ಈ ವಿಷಯ ಓದೋದು ಒಂದು ಚಟ ಆಗಿದೆ ನನಗೆ. ಹೆಂಡತಿ, ಮಗಳು ಕೇಳೋದಿಲ್ಲ. ಅಪ್ಪಯ್ಯ ಸಿಕ್ಕಿಬಿದ್ದಿದ್ದರು.

ಕೇಳಿ, ಇದು ಚೆನ್ನಾಗಿದೆ. ಅಮೆರಿಕ ಸ್ವತಂತ್ರ ಆದಾಗ ಕೈಯಲ್ಲಿ ಕಾಸಿರಲಿಲ್ಲ, ತಲೆ ಮೇಲೆ ಸಾಲ. ಹ್ಯಾಮಿಲ್ಟನ್ ಹಣಕಾಸು ಮಂತ್ರಿಯಾಗಿ 1790ರಲ್ಲಿ ಒಂದು ಲೆಕ್ಕ ಹಾಕಿದ. ಹಳೆ ಸಾಲವನ್ನೆಲ್ಲ, ರಾಜ್ಯಗಳು ಮಾಡಿದ ಯುದ್ಧದ ಸಾಲವನ್ನೂ ಸೇರಿಸಿ, ಒಕ್ಕೂಟ ಸರ್ಕಾರವೇ ಹೊತ್ತುಕೊಳ್ಳಬೇಕು, ಬಡ್ಡಿ ತಪ್ಪದೆ ಕಟ್ಟಬೇಕು, ಆಗ ಜಗತ್ತು ನಮಗೆ ಇನ್ನೂ ಸಾಲ ಕೊಡುತ್ತೆ ಅಂತ. ಬಡ್ಡಿಗೆ ದುಡ್ಡು? ಬಂದರಿನ ಸುಂಕ. ಸರ್ಕಾರದ ಆದಾಯದ ಬಹುಪಾಲು ಅದೇ. ಆ ಸುಂಕದಲ್ಲಿ ಹೆಚ್ಚಿನದು ಬರ್ತಾ ಇದ್ದದ್ದು ಎಲ್ಲಿಂದ? ಬ್ರಿಟನ್ನಿನಿಂದ ಬರುವ ಮಾಲಿನಿಂದ! ಅಂದರೆ ಯಾರ ಜೊತೆ ಎಂಟು ವರ್ಷ ಗುದ್ದಾಡಿ ಬಿಡಿಸಿಕೊಂಡರೋ ಅವರ ವ್ಯಾಪಾರ ನಿಂತರೆ ಇವರ ಬಡ್ಡಿ ನಿಲ್ಲುತ್ತೆ. ಹ್ಯಾಮಿಲ್ಟನ್ನಿನ ವಿದೇಶಾಂಗ ನೀತಿಯ ಬೇರು ಈ ಬಡ್ಡಿ ಲೆಕ್ಕದಲ್ಲೇ ಇದೆ ಅಂತ ನನಗನ್ನಿಸುತ್ತೆ. ಜೆಫರ್ಸನ್ ಇದಕ್ಕೆ ತದ್ವಿರುದ್ಧ. ಅವನಿಗೆ ಫ್ರಾನ್ಸ್ ಮೇಲೆ ಪ್ರೀತಿ, ಬ್ರಿಟನ್ನಿನ ಮೇಲೆ ಸಿಟ್ಟು, ಬ್ಯಾಂಕಿನವರ ಮೇಲೆ ಅನುಮಾನ. ಇಬ್ಬರೂ ವಾಷಿಂಗ್ಟನ್ನಿನ ಮಂತ್ರಿಮಂಡಲದಲ್ಲೇ ಕೂತಿದ್ದರು. ಪಾಪ ವಾಷಿಂಗ್ಟನ್.

1793ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಶುರುವಾಯಿತು. ಏಪ್ರಿಲ್ ತಿಂಗಳಲ್ಲಿ ವಾಷಿಂಗ್ಟನ್ 'ನಾವು ಯಾರ ಕಡೆಯೂ ಅಲ್ಲ' ಅಂತ ಘೋಷಣೆ ಹೊರಡಿಸಿದ. ಫ್ರಾನ್ಸಿನ ಹಡಗು ಹೊರಗೆ ಬಂದರೆ ಬ್ರಿಟನ್ ಹಿಡಿಯುತ್ತೆ, ಬ್ರಿಟನ್ನಿನದು ಬಂದರೆ ಫ್ರಾನ್ಸ್ ಹಿಡಿಯುತ್ತೆ. ಹಾಗಾದರೆ ಕೆರಿಬಿಯನ್ ದ್ವೀಪಗಳ ಸಕ್ಕರೆ, ಕಾಫಿ ಯೂರೋಪಿಗೆ ಯಾರು ಸಾಗಿಸಬೇಕು? ತಟಸ್ಥರು. ಸೇಲಂ, ಬಾಸ್ಟನ್, ಫಿಲಡೆಲ್ಫಿಯಾದ ಹಡಗುಗಳು. ಫ್ರೆಂಚರ ದ್ವೀಪದ ಸಕ್ಕರೆಯನ್ನ ಸೇಲಂಗೆ ತಂದು ಇಳಿಸೋದು, ಸುಂಕ ಕಟ್ಟೋದು, ಆಮೇಲೆ ಅದೇ ಸಕ್ಕರೆಯನ್ನ 'ಅಮೆರಿಕದ ಮಾಲು' ಅಂತ ಯೂರೋಪಿಗೆ ಕಳಿಸೋದು. ಕಟ್ಟಿದ ಸುಂಕದ ಬಹುಪಾಲು ವಾಪಸ್ಸೂ ಸಿಗ್ತಾ ಇತ್ತು. 1790ರಲ್ಲಿ ಅಮೆರಿಕದ ರಫ್ತು ಸುಮಾರು 2 ಕೋಟಿ ಡಾಲರ್. 1807ರಲ್ಲಿ ಸುಮಾರು 10.8 ಕೋಟಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ತಂದು ಮತ್ತೆ ಕಳಿಸುವ ಮಾಲು. ಇವರು ಬೆಳೆದದ್ದೂ ಅಲ್ಲ, ಮಾಡಿದ್ದೂ ಅಲ್ಲ.

ಇಷ್ಟು ಕೇಳಿ ಅಪ್ಪಯ್ಯ ಹೇಳಿದ್ದು ಒಂದೇ ಮಾತು. "ಮನೆ ಉರಿಯುವಾಗ ಗಳ ಹಿರಿದ ಹಾಗೆ."

ನಾನು ಹತ್ತು ಪುಸ್ತಕ ಓದಿ ತಿಳಿದುಕೊಂಡದ್ದನ್ನ ಅವರು ನಾಲ್ಕು ಪದದಲ್ಲಿ ಮುಗಿಸಿದರು. ಆ ಮಾತು ನನಗೆ ಸ್ವಲ್ಪ ಚುಚ್ಚಿತು ಕೂಡಾ. ನನಗೆ ಹೇಳಿದ್ದೋ ಸೇಲಂನವರಿಗೆ ಹೇಳಿದ್ದೋ ಅಂತ.

ಈಗ ವೆನಿಲಾ ವಿಷಯ ಹೇಳಿಬಿಡ್ತೀನಿ. ಮಲೆನಾಡಿನವರಿಗೆ ನೆನಪಿರುತ್ತೆ. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರಿಗೆ ಹುಡಾ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲಾ ಹೆಚ್ಚಾಗಿ ಬರೋದು ಅಲ್ಲಿಂದ. ಅಲ್ಲಿ ಗಿಡ ಮಲಗಿತು, ಇಲ್ಲಿ ರೇಟು ಎದ್ದಿತು. 2003ರ ಹೊತ್ತಿಗೆ ನಮ್ಮ ಕಡೆ ಹಸಿ ಕೋಡಿಗೆ ಕೆಜಿಗೆ ಮೂರು ಸಾವಿರದ ಮೇಲೆ ಅಂತ ಮಾತು. ಬಳ್ಳಿಯ ತುಂಡನ್ನ ಅಳೆದು ಮಾರ್ತಿದ್ದರು. ರಾತ್ರಿ ಬ್ಯಾಟರಿ, ನಾಯಿ ಹಿಡಿದು ತೋಟದಲ್ಲಿ ಮಲಗ್ತಿದ್ದರು. ನಾನು ಆಗ ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ, ಆಫೀಸಿನಲ್ಲಿ ಇಂಟರ್‌ನೆಟ್ ಇತ್ತು, ತಲೆಯಲ್ಲಿ ಅಹಂಕಾರ ಇತ್ತು. ಮಡಗಾಸ್ಕರಿನ ಸುದ್ದಿ, ರೇಟು ಎಲ್ಲ ಹುಡುಕಿ ಒಂದು ಪಟ್ಟಿ ಮಾಡಿ ಮನೆಗೆ ಫೋನ್ ಮಾಡಿದೆ. ಇನ್ನೈದು ವರ್ಷ ಇಳಿಯೋಲ್ಲ, ಐಸ್‌ಕ್ರೀಮಿನವರು ವೆನಿಲಾ ಇಲ್ಲದೆ ಎಲ್ಲಿಗೆ ಹೋಗ್ತಾರೆ ಅಂದೆ. ಅಪ್ಪಯ್ಯನಿಗೆ ಮನಸ್ಸಿರಲಿಲ್ಲ. ಓದಿದ ಮಗ ಹೇಳಿದ ಅಂತ ಸಾಲ ಮಾಡಿ ಇನ್ನೂ ಒಂದು ಎಕರೆಗೆ ಬಳ್ಳಿ ಹಾಕಿದರು. ಐಸ್‌ಕ್ರೀಮಿನವರು ಎಲ್ಲಿಗೆ ಹೋದರು ಅಂದರೆ, ಕಾರ್ಖಾನೆಯಲ್ಲಿ ಮಾಡುವ ಕೃತಕ ವೆನಿಲಿನ್ ಕಡೆಗೆ. ಮಡಗಾಸ್ಕರ್ ಕೂಡಾ ಎದ್ದು ನಿಂತಿತು. 2004ರಲ್ಲಿ ರೇಟು ಕುಸಿಯಿತು. ನಮ್ಮ ಹೊಸ ಬಳ್ಳಿ ಹೂ ಬಿಟ್ಟು, ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ, ಕೊಯ್ಲಿಗೆ ಬರುವಾಗ ನೂರು ರೂಪಾಯಿಗೂ ಕೇಳುವವರಿಲ್ಲ. ಹೊಳೆ ಪಕ್ಕದ ಗದ್ದೆ ಹೋಯಿತು. ನಾನು ಅಮೆರಿಕಕ್ಕೆ ಬಂದದ್ದರಲ್ಲಿ ಅರ್ಧ ಪಾಲು ಆ ಸಾಲ ತೀರಿಸೋ ಕಾರಣಕ್ಕೆ. ಅಪ್ಪಯ್ಯ ಒಂದು ದಿನ, ಒಂದೇ ಒಂದು ದಿನ 'ನೀನು ಹೇಳಿದ್ದಕ್ಕೆ' ಅನ್ನಲಿಲ್ಲ. ಬೈದಿದ್ದರೆ ಒಳ್ಳೇದಿತ್ತು.

ಇರಲಿ. ಧಕ್ಕೆಗೆ ವಾಪಸ್ ಬರೋಣ.

ಉರಿಯುವ ಮನೆಯ ಗಳ ಹಿರಿಯೋಕೆ ಹೋದರೆ ಕೈಗೂ ಬಿಸಿ ತಾಗುತ್ತೆ. ಮೊದಲು ಬ್ರಿಟಿಷರು ಕೆರಿಬಿಯನ್‌ನಲ್ಲಿ ಅಮೆರಿಕದ ಇನ್ನೂರೈವತ್ತಕ್ಕೂ ಹೆಚ್ಚು ಹಡಗು ಹಿಡಿದರು. ಯುದ್ಧ ಆಗೇ ಬಿಡುತ್ತೆ ಅನ್ನುವಾಗ ವಾಷಿಂಗ್ಟನ್ ಜಾನ್ ಜೇ ಅನ್ನುವವನನ್ನ ಲಂಡನ್ನಿಗೆ ಕಳಿಸಿ 1794ರಲ್ಲಿ ಒಪ್ಪಂದ ಮಾಡಿಸಿದ. ಜನಕ್ಕೆ ಎಷ್ಟು ಸಿಟ್ಟು ಬಂತು ಅಂದರೆ ಜೇಯ ಪ್ರತಿಕೃತಿಗಳನ್ನ ಊರೂರಲ್ಲಿ ಸುಟ್ಟರು. ಸೆನೆಟ್‌ನಲ್ಲಿ 20ಕ್ಕೆ 10, ಒಂದೇ ಒಂದು ಮತ ಕಮ್ಮಿಯಾಗಿದ್ದರೂ ಬಿದ್ದುಹೋಗ್ತಿತ್ತು. ಆ ಬೈಸಿಕೊಂಡ ಒಪ್ಪಂದದ 13ನೇ ಕಲಮು ನಮಗೆ ಸಂಬಂಧಪಟ್ಟದ್ದು: ಈಸ್ಟ್ ಇಂಡಿಯಾ ಕಂಪನಿಯ ಬಂದರುಗಳಲ್ಲಿ ಅಮೆರಿಕದ ಹಡಗುಗಳು ವ್ಯಾಪಾರ ಮಾಡಬಹುದು. ಅದರ ಮೇಲೆ ಕಲ್ಕತ್ತಾದಿಂದ, ಮದ್ರಾಸಿನಿಂದ ಹತ್ತಿಬಟ್ಟೆ ಮೂಟೆಮೂಟೆಯಾಗಿ ಇದೇ ಧಕ್ಕೆಗೆ ಬರ್ತಾ ಇತ್ತು. 1796ರಲ್ಲಿ ಜೇಕಬ್ ಕ್ರೌನಿನ್‌ಶೀಲ್ಡ್ ಅನ್ನೋ ಸೇಲಂನ ಕ್ಯಾಪ್ಟನ್ ಬಂಗಾಳದಿಂದ ಒಂದು ಆನೆ ಮರಿಯನ್ನೇ ತಂದ, ಅದು ಈ ದೇಶಕ್ಕೆ ಬಂದ ಮೊದಲ ಆನೆ.

ಮನುಷ್ಯರೂ ಬಂದಿದ್ದರು. ವಿಲಿಯಂ ಬೆಂಟ್ಲಿ ಅಂತ ಇಲ್ಲಿನ ಒಬ್ಬ ಪಾದ್ರಿ ದಿನಚರಿ ಬರೀತಿದ್ದ. 1790ರ ಡಿಸೆಂಬರ್ ಕೊನೆಯಲ್ಲಿ, ಜೀವಮಾನದಲ್ಲಿ ಮೊದಲ ಸಲ ಇಂಡಿಯಾದವನೊಬ್ಬನನ್ನ ನೋಡಿದೆ, ಮದ್ರಾಸಿನವನು, ಎತ್ತರ, ಕಪ್ಪು ಬಣ್ಣ, ಉದ್ದ ನೇರ ಕೂದಲು, ಸೌಮ್ಯ ಮುಖ ಅಂತ ಬರೆದುಕೊಂಡಿದ್ದಾನೆ. ಇದನ್ನ ಓದಿದಾಗಲೆಲ್ಲ ನನಗೆ ಏನೋ ಒಂಥರಾ ಆಗುತ್ತೆ. ಅಪ್ಪಯ್ಯನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ "ಡಿಸೆಂಬರಾ? ಚಳಿಗೆ ಎಂಥ ಹೊದ್ದುಕೊಂಡನೋ ಪಾಪ" ಅಂದರು.

(ಇನ್ನೊಂದು ಮಾತು, ಕನ್ನಡಿಗರಿಗಾಗಿ. 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಅನ್ನುವವನು ಬ್ರಿಟಿಷರ ಹಡಗೊಂದನ್ನ ಸೋಲಿಸಿ ಹಿಡಿದ. ಅವನ ಹಡಗಿನ ಹೆಸರು 'ಹೈದರ್ ಅಲಿ'! ನಮ್ಮ ಹೈದರನೇ, ಶತ್ರುವಿನ ಶತ್ರು ಅಂತ ಇಟ್ಟದ್ದು. ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೋತ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಟುಕೊಂಡ. ಅಲ್ಲಿ ಕಳೆದುಕೊಂಡದ್ದನ್ನ ಇಲ್ಲಿ ವಸೂಲು ಮಾಡಿದ ಅನ್ನಿ.)

1805ರಲ್ಲಿ ಬ್ರಿಟಿಷ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಬಾರ್ಸಿಲೋನಾದಿಂದ ಹೊರಟು ಸೇಲಂಗೆ ಬಂದು ಹವಾನಾಕ್ಕೆ ಹೊರಟಿದ್ದ 'ಎಸೆಕ್ಸ್' ಅನ್ನೋ ಹಡಗಿನ ಕೇಸು. ಸುಮ್ಮನೆ ದಾರಿಯಲ್ಲಿ ಇಳಿಸಿ ಸುಂಕ ಕಟ್ಟಿದ ಮಾತ್ರಕ್ಕೆ ಮಾಲು ಅಮೆರಿಕದ್ದಾಗೋಲ್ಲ ಅಂತ. ಗುಟ್ಟು ರಟ್ಟಾಯಿತು! ಅತ್ತ ನೆಪೋಲಿಯನ್ ಬ್ರಿಟನ್ನಿಗೆ ಹೋಗುವ ಹಡಗು ಹಿಡಿಯುತ್ತೀನಿ ಅಂದ, ಇತ್ತ ಬ್ರಿಟನ್ ನೆಪೋಲಿಯನ್ನಿನ ಬಂದರಿಗೆ ಹೋಗುವ ಹಡಗು ಹಿಡಿಯುತ್ತೀನಿ ಅಂದಿತು. ಅದರ ಮೇಲೆ ಹಡಗಿನಲ್ಲಿದ್ದ ಆಳುಗಳನ್ನೇ 'ನೀನು ನಮ್ಮ ದೇಶದಿಂದ ಓಡಿಬಂದವನು' ಅಂತ ಎಳೆದುಕೊಂಡು ಹೋಗ್ತಿದ್ದರು. 1807ರ ಜೂನ್‌ನಲ್ಲಿ ಬ್ರಿಟಿಷರ 'ಲೆಪರ್ಡ್' ಹಡಗು ಅಮೆರಿಕದ ಯುದ್ಧನೌಕೆ 'ಚೆಸಪೀಕ್' ಮೇಲೇ ಗುಂಡು ಹಾರಿಸಿ ನಾಲ್ವರನ್ನ ಇಳಿಸಿಕೊಂಡು ಹೋಯಿತು.

ಆಗ ಜೆಫರ್ಸನ್ ಅಧ್ಯಕ್ಷ. ಯುದ್ಧ ಮಾಡೋಕೆ ನೌಕಾಪಡೆ ಇಲ್ಲ, ಸುಮ್ಮನಿರೋಕೆ ಮಾನ ಬಿಡೋಲ್ಲ. ಅವನು ಹಾಕಿದ ಲೆಕ್ಕ ಹೀಗೆ: ನಮ್ಮ ಹತ್ತಿ, ಗೋಧಿ, ಹಡಗು ಇಲ್ಲದೆ ಅವರು ಎಲ್ಲಿಗೆ ಹೋಗ್ತಾರೆ? (ಈ ವಾಕ್ಯ ಎಲ್ಲೋ ಕೇಳಿದ ಹಾಗಿದೆಯಾ? ಹೌದು.) 1807ರ ಡಿಸೆಂಬರ್ 22ರಂದು ಎಂಬಾರ್ಗೋ ಕಾಯಿದೆಗೆ ಸಹಿ ಹಾಕಿದ. ಅಮೆರಿಕದ ಯಾವ ಹಡಗೂ ವಿದೇಶಕ್ಕೆ ಹೋಗುವ ಹಾಗಿಲ್ಲ. ಅವನ ಹಣಕಾಸು ಮಂತ್ರಿ ಗ್ಯಾಲಟಿನ್ ಮುಂಚೆಯೇ ಎಚ್ಚರಿಸಿದ್ದ, ಸರ್ಕಾರದ ಇಂಥ ನಿಷೇಧಗಳು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಕೇಡು ಮಾಡ್ತವೆ ಅಂತ. ಕೇಳಲಿಲ್ಲ. ಕಾಯಿದೆ ಜಾರಿ ಮಾಡುವ ತಲೆನೋವು ಮಾತ್ರ ಗ್ಯಾಲಟಿನ್ ಮೇಲೇ ಬಿತ್ತು.

ರಫ್ತು ಒಂದೇ ವರ್ಷದಲ್ಲಿ 10.8 ಕೋಟಿಯಿಂದ ಸುಮಾರು 2.2 ಕೋಟಿಗೆ ಬಿತ್ತು. ಸೇಲಂನಲ್ಲಿ ಹಡಗುಗಳು ಧಕ್ಕೆಗೆ ಕಟ್ಟಿಕೊಂಡು ನಿಂತವು. ಹಗ್ಗ ಹೊಸೆಯುವವರು, ಹಾಯಿ ಹೊಲಿಯುವವರು, ಪೀಪಾಯಿ ಮಾಡುವವರು, ಎಲ್ಲರೂ ಮನೆಯಲ್ಲಿ. ಊರಿನವರು ಗಂಜಿ ಕೇಂದ್ರ ತೆರೆಯಬೇಕಾಯಿತು. ಉತ್ತರದಲ್ಲಿ ಚಾಂಪ್ಲೇನ್ ಸರೋವರದ ದಾರಿಯಲ್ಲಿ ಕೆನಡಾಕ್ಕೆ ಕಳ್ಳಸಾಗಣೆ ಜೋರಾಯಿತು. 'ಎಂಬಾರ್ಗೋ' ಪದದ ಅಕ್ಷರಗಳನ್ನ ಹಿಂದುಮುಂದು ಮಾಡಿ 'ಓ ಗ್ರ್ಯಾಬ್ ಮಿ' ಅಂತ ಹೆಸರಿಟ್ಟು, ಒಂದು ಆಮೆ ಕಳ್ಳಸಾಗಣೆದಾರನ ಅಂಡಿಗೆ ಕಚ್ಚುವ ವ್ಯಂಗ್ಯಚಿತ್ರ ಬರೆದರು. ಬ್ರಿಟನ್ ಏನು ಮಾಡಿತು? ಪೋರ್ಚುಗಲ್ಲಿನ ರಾಜಮನೆತನ ನೆಪೋಲಿಯನ್ನಿಗೆ ಹೆದರಿ ಬ್ರೆಜಿಲ್ಲಿಗೆ ಓಡಿಹೋಗಿತ್ತು, 1808ರಲ್ಲಿ ಅಲ್ಲಿನ ಬಂದರು ತೆರೆಯಿತು. ಬ್ರಿಟಿಷ್ ಮಾಲು ಆ ಕಡೆ ತಿರುಗಿತು. ಬೇಕು ಅಂದವನಿಗೆ ಇನ್ನೊಂದು ದಾರಿ ಇದ್ದೇ ಇರುತ್ತೆ, ಇದು ಜೆಫರ್ಸನ್‌ನಂಥ ಮೇಧಾವಿಗೂ ಹೊಳೆಯಲಿಲ್ಲ. 1809ರ ಮಾರ್ಚ್‌ನಲ್ಲಿ ಅಧಿಕಾರ ಬಿಡುವ ಮೂರು ದಿನ ಮೊದಲು ಅದನ್ನ ರದ್ದು ಮಾಡುವ ಮಸೂದೆಗೆ ತಾನೇ ಸಹಿ ಹಾಕಿ ಮನೆಗೆ ಹೋದ. ಹದಿನೈದು ತಿಂಗಳು ಅಷ್ಟೇ.

ಊರು ಕೂಡಾ ಇಬ್ಭಾಗ ಆಗಿತ್ತು. ಡರ್ಬಿ ಮನೆತನ ಫೆಡರಲಿಸ್ಟರ ಕಡೆ, ಆನೆ ತಂದ ಕ್ರೌನಿನ್‌ಶೀಲ್ಡ್ ಮನೆತನ ಜೆಫರ್ಸನ್ ಕಡೆ. ನನಗೆ ಆಶ್ಚರ್ಯ ಆಗೋದು ಇವರದೇ. ಹಡಗಿನವರಾಗಿ, ಕಾಂಗ್ರೆಸ್ಸಿನಲ್ಲಿ ಕೂತು, ತಮ್ಮ ಹಡಗುಗಳನ್ನೇ ಕಟ್ಟಿಹಾಕುವ ನಾಯಕನ ಬೆನ್ನಿಗೆ ನಿಂತರು. ನಂಬಿಕೆ ಅಂದರೆ ಹಾಗೆ ಇರುತ್ತೇನೋ. ದಿನಚರಿ ಬರೆದ ಬೆಂಟ್ಲಿಯೂ ಜೆಫರ್ಸನ್ ಕಡೆಯವನೇ.

"ಆಮೇಲೆ ಎಂಥ ಮಾಡಿದರು ಇವರು?" ಅಪ್ಪಯ್ಯ ಕೇಳಿದರು. ನಾವು ಧಕ್ಕೆಯ ತುದಿಗೆ ಬಂದಿದ್ದೆವು. ಗಾಳಿ ಜೋರಾಗಿತ್ತು, ಅವರು ಮಫ್ಲರ್ ತಲೆಗೆ ಸುತ್ತಿಕೊಂಡಿದ್ದರು.

ಕೆಲವರು 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾದಾಗ ಸರ್ಕಾರದ ಪರವಾನಗಿ ತಗೊಂಡು ಬ್ರಿಟಿಷ್ ಹಡಗು ದೋಚೋಕೆ ಹೋದರು. ಕೆಲವರು ಮುಳುಗಿದರು. ಯುದ್ಧ ಮುಗಿದ ಮೇಲೆ ಸೇಲಂ ವ್ಯಾಪಾರ ಮತ್ತೆ ಸ್ವಲ್ಪ ಎದ್ದಿತು, ಆದರೆ ಆಳವಿಲ್ಲದ ಬಂದರು, ದೊಡ್ಡ ಹಡಗು ಬಾಸ್ಟನ್ನಿಗೆ, ನ್ಯೂಯಾರ್ಕಿಗೆ ಹೋದವು. ಈ ಕಡೆಯ ಜಾಣರು ದುಡ್ಡನ್ನ ಹಡಗಿನಿಂದ ತೆಗೆದು ಗಿರಣಿಗೆ ಹಾಕಿದರು. ಫ್ರಾನ್ಸಿಸ್ ಲೋವೆಲ್ ಅನ್ನೋ ಬಾಸ್ಟನ್ನಿನ ವ್ಯಾಪಾರಿ ಇಂಗ್ಲೆಂಡಿನ ಮಗ್ಗಗಳನ್ನ ನೋಡಿ, ತಲೆಯಲ್ಲಿಟ್ಟುಕೊಂಡು ಬಂದು, 1814ರಲ್ಲಿ ವಾಲ್ಥಮ್‌ನಲ್ಲಿ ಹತ್ತಿ ಗಿರಣಿ ನಡೆಸಿದ. ಹತ್ತಿ ದಕ್ಷಿಣದ್ದು, ಗುಲಾಮರು ಬಿಡಿಸಿದ್ದು. ಸೇಲಂ ಕೈಯೂ ಏನೂ ಶುದ್ಧ ಇರಲಿಲ್ಲ ಬಿಡಿ, ಇಲ್ಲಿಂದ ಕೀಳು ದರ್ಜೆಯ ಒಣಮೀನು ಕೆರಿಬಿಯನ್ ತೋಟಗಳ ಗುಲಾಮರ ಊಟಕ್ಕೆ ಹೋಗ್ತಿತ್ತು. ಆಮೇಲೆ 1816ರಲ್ಲಿ ಹೊಸ ಸುಂಕದ ಕಾಯಿದೆ. ಹೊರಗಿನ ಹತ್ತಿಬಟ್ಟೆ ಎಷ್ಟೇ ಅಗ್ಗ ಇರಲಿ, ಗಜಕ್ಕೆ 25 ಸೆಂಟ್ ಅಂತಲೇ ಲೆಕ್ಕ ಹಿಡಿದು ಅದರ ಕಾಲುಭಾಗ ಸುಂಕ. ಇಂಗ್ಲೆಂಡಿನ ನಯವಾದ ಬಟ್ಟೆಗೆ ಅಷ್ಟೇನೂ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು ಇದೇ ಧಕ್ಕೆಯಲ್ಲಿ ಇಳಿಯುತ್ತಿದ್ದ ಭಾರತದ ಅಗ್ಗದ ಬಟ್ಟೆಗೆ. ಬೇಕು ಅಂತ ಓಡಾಡಿದವರಲ್ಲಿ ಲೋವೆಲ್ಲೂ ಒಬ್ಬ. ಬಂಗಾಳದ ಯಾವುದೋ ನೇಕಾರನಿಗೆ ಇದು ಯಾರು ಮಾಡಿದ ಕೆಲಸ ಅಂತ ಗೊತ್ತಾಗುವ ದಾರಿ ಯಾವುದಿತ್ತು?

ಅಪ್ಪಯ್ಯ ತುಂಬ ಹೊತ್ತು ಮಾತಾಡಲಿಲ್ಲ. ನನಗೆ ಏನನ್ನಿಸಿತೋ, ಇಪ್ಪತ್ತು ವರ್ಷ ಹೇಳದ್ದನ್ನ ಹೇಳಿಬಿಟ್ಟೆ. "ಅಪ್ಪಯ್ಯ, ಆ ವೆನಿಲಾ... ನಾನು ಆವತ್ತು ಫೋನ್ ಮಾಡಬಾರದಿತ್ತು."

"ನೀ ಹೇಳಿದ್ದಕ್ಕೆ ಹಾಕಿದ್ದು ಅಂದ್ಕೊಂಡಿದ್ದೀಯಾ?" ಅಂದರು. "ಕೆಳಗಿನ ಮನೆಯವನು ಆ ವರ್ಷ ಜೀಪು ತಗೊಂಡಿದ್ದ. ಅದನ್ನ ನೋಡಿ ಹಾಕಿದ್ದು. ನಿನ್ನ ಫೋನು ಬರೋಕೆ ವಾರ ಮೊದಲೇ ಬಳ್ಳಿಗೆ ಮುಂಗಡ ಕೊಟ್ಟಾಗಿತ್ತು."

ನಾನು ಬಾಯಿ ಮುಚ್ಚಿಕೊಂಡು ನಿಂತೆ. ನಿಜ ಹೇಳಿದರೋ, ನನ್ನ ಭಾರ ಇಳಿಸೋಕೆ ಹೇಳಿದರೋ! ಅಮ್ಮನನ್ನ ಕೇಳಬಹುದಿತ್ತು, ಇವತ್ತಿನವರೆಗೂ ಕೇಳಿಲ್ಲ.

ವಾಪಸ್ ನಡೆಯುತ್ತಾ ಅವರೇ ಮಾತು ಮುಂದುವರಿಸಿದರು. ಬಳ್ಳಿ ಎಲ್ಲ ಕಿತ್ತಿಲ್ಲವಂತೆ. ಹಿತ್ತಲಿನ ಗ್ಲಿರಿಸಿಡಿಯಾಕ್ಕೆ ಹಬ್ಬಿದ್ದು ನಾಲ್ಕೈದು ಹಾಗೇ ಇವೆಯಂತೆ. 2017ರಲ್ಲಿ ಮಡಗಾಸ್ಕರಿಗೆ ಮತ್ತೆ ಚಂಡಮಾರುತ ಬಡಿಯಿತಲ್ಲ, ಎನಾವೊ ಅಂತ, ಅದಾದ ಮೇಲೆ ಒಬ್ಬ ವ್ಯಾಪಾರಿ ಬೈಕಿನಲ್ಲಿ ಕೇಳಿಕೊಂಡು ಬಂದಿದ್ದನಂತೆ.

"ಕೊಟ್ರಾ?"

"ಎರಡು ಕೆಜಿ ಇತ್ತು. ಕೊಟ್ಟೆ."

"ಎಷ್ಟಕ್ಕೆ?"

ಅಪ್ಪಯ್ಯ ಹೇಳಲಿಲ್ಲ. ಐಸ್‌ಕ್ರೀಮ್ ಅಂಗಡಿಯ ಮುಂದೆ ಅಮ್ಮ, ಮಗಳು ಕೈ ಬೀಸ್ತಾ ಇದ್ದರು, ಆ ಕಡೆ ನೋಡಿ "ಅಮ್ಮನಿಗೆ ಹೇಳಬೇಡ" ಅಂದರು.